ಮಳೆಗಾಲದಲ್ಲಿ ಕ್ಯಾಮೆರಾ: ಮಲೆನಾಡು, ಕರಾವಳಿಯಲ್ಲಿ ಚಿತ್ರ ತೆಗೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಮೊದಲ ವಾರದಲ್ಲಿ ಮುಂಗಾರು ಕರಾವಳಿಯನ್ನು ಮುಟ್ಟುತ್ತಿದ್ದಂತೆ ಬಹಳ ಜನ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿ, ಜಿಪ್ ಎಳೆದು, ಬೀರುವಿನಲ್ಲಿಟ್ಟುಬಿಡುತ್ತಾರೆ. ಮತ್ತೆ ತೆಗೆಯುವುದು ದಸರೆಯ ಹೊತ್ತಿಗೆ. ಪಶ್ಚಿಮ ಘಟ್ಟ ಮೈದುಂಬಿ ನಿಲ್ಲುವ ನಾಲ್ಕು ತಿಂಗಳು ಹೀಗೆ ಕೈತಪ್ಪುತ್ತವೆ. ಇಷ್ಟಾಗಿಯೂ ಕ್ಯಾಮೆರಾ ಉಳಿಯುತ್ತದೆಯೇ ಎಂದರೆ ಅದೂ ಇಲ್ಲ. ಮಳೆಗೆ ಒಯ್ದು, ತಂದು ಒರೆಸಿ ಒಣಗಿಸಿದ ಕ್ಯಾಮೆರಾಕ್ಕಿಂತ ಬೀರುವಿನ ಕತ್ತಲಲ್ಲಿ ಮುಚ್ಚಿಟ್ಟ ಕ್ಯಾಮೆರಾ ಬೇಗ ಕೆಡುತ್ತದೆ. ಈ ಪುಟದಲ್ಲಿರುವ ಉತ್ತರಗಳ ಹಿಂದೆಲ್ಲ ಈ ಒಂದು ಮಾತಿದೆ.

ಮಳೆಯಲ್ಲಿ ಹೊರತೆಗೆದರೆ ಕ್ಯಾಮೆರಾ ಹಾಳಾಗುವುದಿಲ್ಲವೇ?

ನಾಲ್ಕು ಹನಿ ಬಿದ್ದ ಮಾತ್ರಕ್ಕೆ ಯಾವ ಕ್ಯಾಮೆರಾವೂ ಕೆಡುವುದಿಲ್ಲ. ನೀರು ಒಳಗೆ ಇಳಿಯುವ ದಾರಿಗಳು ಕೆಲವೇ: ಲೆನ್ಸ್ ಕೂಡುವ ಜಾಗ, ಬ್ಯಾಟರಿ ಮತ್ತು ಕಾರ್ಡಿನ ಬಾಗಿಲು, ಫ್ಲಾಷ್ ಸಿಕ್ಕಿಸುವ ಮೇಲಿನ ಜಾಗ, ಗುಂಡಿಗಳ ಸಂದು, ಕೇಬಲ್ ಚುಚ್ಚುವ ಕಿಂಡಿಗಳು. ಇವುಗಳ ಮೇಲೆ ನೀರು ನಿಲ್ಲದಂತೆ, ಹರಿಯದಂತೆ ನೋಡಿಕೊಂಡರೆ ಸಾಮಾನ್ಯ ಕ್ಯಾಮೆರಾದಲ್ಲೂ ಸೋನೆ ಮಳೆಯಲ್ಲಿ ನಿಶ್ಚಿಂತೆಯಿಂದ ಕೆಲಸ ಮಾಡಬಹುದು. ಆಗುಂಬೆಯ ಜಡಿಮಳೆಯ ಮಾತು ಬೇರೆ. ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ಹೊದಿಕೆಯಿಲ್ಲದೆ ಕ್ಯಾಮೆರಾ ಹಿಡಿದು ನಿಲ್ಲುವುದು ಧೈರ್ಯವಲ್ಲ.

ನನ್ನ ಕ್ಯಾಮೆರಾ "ವೆದರ್ ಸೀಲ್ಡ್" ಎಂದು ಪೆಟ್ಟಿಗೆಯ ಮೇಲಿದೆ. ಅಂದರೆ ವಾಟರ್‌ಪ್ರೂಫ್ ತಾನೆ?

ಅಲ್ಲ. ಬಾಗಿಲುಗಳ ಅಂಚಿನಲ್ಲಿ, ಗುಂಡಿಗಳ ಕೆಳಗೆ ರಬ್ಬರಿನ ಸಣ್ಣ ಪಟ್ಟಿಗಳಿವೆ, ಅವು ತುಂತುರನ್ನು ತಡೆಯುತ್ತವೆ ಎಂದಷ್ಟೇ ಅದರ ಅರ್ಥ. ಎಷ್ಟು ನೀರು, ಎಷ್ಟು ಹೊತ್ತು ಎಂದು ಹೆಚ್ಚಿನ ಕಂಪನಿಗಳು ಹೇಳುವುದೇ ಇಲ್ಲ. ಹೇಳಿದರೆ ಐಪಿ ಎಂಬ ಅಳತೆಯಲ್ಲಿ ಹೇಳಬೇಕು. ಅದರ ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ ಸೇರಿದ್ದು. ಓಎಂ ಸಿಸ್ಟಂ ಕಂಪನಿಯ ಓಎಂ-1 ಕ್ಯಾಮೆರಾಕ್ಕೆ ಐಪಿ53 ಇದೆ. ಇಲ್ಲಿ 3 ಎಂದರೆ ಮೇಲಿನಿಂದಲೂ ಓರೆಯಾಗಿಯೂ ಬೀಳುವ ಸಿಂಚನವನ್ನು ತಡೆಯುತ್ತದೆ ಎಂದು. ನೀರಿನಲ್ಲಿ ಮುಳುಗಿಸಿದರೂ ತಡೆಯಬೇಕಾದರೆ ಆ ಅಂಕಿ 7 ಅಥವಾ 8 ಇರಬೇಕು.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದು ಕಡಿಮೆ. ಕ್ಯಾಮೆರಾ ಎಷ್ಟೇ ಗಟ್ಟಿಯಿರಲಿ, ಅದಕ್ಕೆ ಹಾಕಿದ ಲೆನ್ಸಿಗೂ ಸೀಲ್ ಇರಬೇಕು. ಲೆನ್ಸನ್ನು ಕಳಚಿ ಹಿಂಭಾಗದ ಲೋಹದ ಬಳೆಯ ಸುತ್ತ ನೋಡಿ. ತೆಳ್ಳಗಿನ ರಬ್ಬರಿನ ಉಂಗುರವಿದ್ದರೆ ಸೀಲ್ ಇದೆ. ಕ್ಯಾಮೆರಾದ ಜೊತೆಗೇ ಬರುವ ಅಗ್ಗದ ಜೂಮ್ ಲೆನ್ಸುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಜೂಮ್ ಮಾಡಿದಾಗ ಉದ್ದವಾಗುವ ಲೆನ್ಸಾದರೆ, ಹೊರಬಂದ ಭಾಗದ ಮೇಲೆ ಕೂತ ನೀರು ಲೆನ್ಸ್ ಒಳಸರಿಯುವಾಗ ಜೊತೆಯಲ್ಲೇ ಒಳಗೆ ಹೋಗುತ್ತದೆ. ಆದ್ದರಿಂದ ಗಿಡ್ಡ ಮಾಡುವ ಮುನ್ನ ಕೊಳವೆಯನ್ನು ಒರೆಸುವುದನ್ನು ರೂಢಿ ಮಾಡಿಕೊಳ್ಳಿ. ರಬ್ಬರಿಗೂ ಆಯುಷ್ಯವಿದೆ. ಐದಾರು ವರ್ಷ ದುಡಿದ ಕ್ಯಾಮೆರಾದ ಸೀಲನ್ನು ಹೊಸದರಂತೆ ನಂಬುವುದು ಸರಿಯಲ್ಲ.

ರೈನ್ ಕವರ್ ಕೊಳ್ಳಲೇಬೇಕೇ? ಪ್ಲಾಸ್ಟಿಕ್ ಚೀಲ ಸಾಲದೇ?

ಸಾಲುತ್ತದೆ. ದಪ್ಪನೆಯ, ಪಾರದರ್ಶಕ ಚೀಲ ಸಿಕ್ಕರೆ ತಳದಲ್ಲಿ ಲೆನ್ಸಿನ ಬಾಯಿಗಿಂತ ತುಸು ಚಿಕ್ಕ ತೂತು ಕತ್ತರಿಸಿ. ಲೆನ್ಸ್ ಹುಡ್ (ಲೆನ್ಸಿನ ಬಾಯಿಗೆ ಸಿಕ್ಕಿಸುವ ಬಳೆಯಂಥ ಮರೆ) ಅದರಿಂದ ಹೊರಬರುವಂತೆ ತೂರಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಚೀಲದ ತೆರೆದ ಬಾಯಿಯಿಂದ ಕೈ ಹಾಕಿ ಕ್ಯಾಮೆರಾ ಹಿಡಿಯಿರಿ. ಪರದೆ ಚೀಲದ ಮೂಲಕವೇ ಕಾಣುತ್ತದೆ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ನೋಡುವವರು ಅಲ್ಲಿಯೂ ಒಂದು ತೂತು ಮಾಡಿ, ಕಣ್ಣಿನ ರಬ್ಬರನ್ನು ಹೊರಗಿನಿಂದ ಸಿಕ್ಕಿಸಬಹುದು.

ಚೀಲದ ಬಾಯಿಯನ್ನು ಮಾತ್ರ ಗಂಟು ಹಾಕಬೇಡಿ. ಅಡಿಕೆ ಕೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವವರು ಮೇಲೆ ಬಿಗಿದು ಕೆಳಗೆ ತೆರೆದೇ ಬಿಡುವ ಹಾಗೆ ಇದೂ ಉಸಿರಾಡುತ್ತಿರಬೇಕು. ಪೂರ್ತಿ ಮುಚ್ಚಿದರೆ ಕೈಯ ಬೆವರು, ಕ್ಯಾಮೆರಾದ ಬಿಸಿ ಸೇರಿ ಒಳಗೇ ನೀರಾಡುತ್ತದೆ.

ದೊಡ್ಡ ಟೆಲಿ ಲೆನ್ಸ್ ಇಟ್ಟುಕೊಂಡು ದಿನವಿಡೀ ಕಾಡಿನಲ್ಲಿ ಕೂರುವವರು ಬಟ್ಟೆಯ ರೈನ್ ಕವರನ್ನೇ ಕೊಳ್ಳುವುದು ಒಳ್ಳೆಯದು. ಗಾಳಿಗೆ ಪಟಪಟ ಎನ್ನುವ ಪ್ಲಾಸ್ಟಿಕ್ಕಿಗೆ ಹಕ್ಕಿಗಳು ಬೆದರುತ್ತವೆ.

ಕೊಡೆ ಹಿಡಿದು ಚಿತ್ರ ತೆಗೆಯಬಹುದೇ?

ಜೊತೆಗೊಬ್ಬರು ಹಿಡಿಯಲು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಒಬ್ಬರೇ ಇದ್ದಾಗ ಕೊಡೆಯ ಕೋಲನ್ನು ಹೆಗಲು ಮತ್ತು ಕುತ್ತಿಗೆಯ ನಡುವೆ ಸಿಕ್ಕಿಸಿಕೊಳ್ಳಬೇಕಾಗುತ್ತದೆ. ಗಾಳಿ ಇಲ್ಲದ ಊರಿನಲ್ಲಿ ಇದು ನಡೆಯುತ್ತದೆ. ಘಟ್ಟದ ಅಂಚಿನಲ್ಲಿ ನಡೆಯುವುದಿಲ್ಲ.

ಮುಂಗಾರಿನ ಗಾಳಿ ನಮ್ಮಲ್ಲಿ ಪಶ್ಚಿಮ ಹಾಗೂ ನೈರುತ್ಯದಿಂದ ಬೀಸುತ್ತದೆ. ಆಗುಂಬೆಯ ಸೂರ್ಯಾಸ್ತ ವೀಕ್ಷಣೆಯ ಕಟ್ಟೆಯೂ ಘಟ್ಟದಂಚಿನ ಇಂಥ ಅನೇಕ ಜಾಗಗಳೂ ಪಶ್ಚಿಮಕ್ಕೇ ಮುಖ ಮಾಡಿವೆ. ಜುಲೈಯಲ್ಲಿ ಅಲ್ಲಿ ನಿಂತರೆ ಮಳೆ ನೇರವಾಗಿ ಲೆನ್ಸಿಗೇ ಹೊಡೆಯುತ್ತದೆ, ಕೊಡೆ ಮಗುಚಿಕೊಳ್ಳುತ್ತದೆ. ಗಾಳಿಗೆ ಬೆನ್ನು ಹಾಕಿ, ಪೂರ್ವದ ಕಡೆ ತಿರುಗಿ ಸಿಗುವ ಚಿತ್ರವನ್ನು ಹುಡುಕಿ. ಕಾಡಿನ ಒಳಮೈ, ಮಂಜು ಹಾಯುವ ಮರಗಳು, ಹೊಳೆಯುವ ರಸ್ತೆ ಎಲ್ಲವೂ ಆ ಕಡೆಗೇ ಇರುತ್ತವೆ.

ಲೆನ್ಸಿನ ಗಾಜಿನ ಮೇಲೆ ಹನಿ ಬಿದ್ದರೆ ಏನು ಮಾಡಲಿ?

ಹುಡ್ ಹಾಕಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಬಿಸಿಲಿಗೆಂದು ಮಾಡಿದ ಹುಡ್ ನಮ್ಮ ಕಡೆ ಮಳೆಗೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಚಿತ್ರ ತೆಗೆಯದ ಹೊತ್ತಿನಲ್ಲಿ ಲೆನ್ಸಿನ ಮುಖ ಕೆಳಗಿರಲಿ. ಬಿದ್ದ ಹನಿಯನ್ನು ಉಜ್ಜಬೇಡಿ. ಮೊದಲು ಬ್ಲೋವರಿನಿಂದ ಊದಿ, ಉಳಿದದ್ದನ್ನು ಬಟ್ಟೆಗೆ ತಾಕಿಸಿ ಹೀರಿಸಿ. ನಾನು ಎರಡು ಬಗೆಯ ಬಟ್ಟೆ ಇಟ್ಟುಕೊಳ್ಳುತ್ತೇನೆ: ಕ್ಯಾಮೆರಾದ ಮೈಗೆ ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿಯ ಪಂಚೆಯ ತುಂಡುಗಳು, ಗಾಜಿಗೆ ಮಾತ್ರ ಮೈಕ್ರೊಫೈಬರ್. ನೀರು ಹೀರುವುದರಲ್ಲಿ ಪಂಚೆಯನ್ನು ಮೀರಿಸುವ ಬಟ್ಟೆ ನನಗೆ ಸಿಕ್ಕಿಲ್ಲ. ನೆನೆದ ತುಂಡನ್ನು ಒಣಗಿದ ತುಂಡುಗಳ ಜೊತೆ ಒಂದೇ ಜೇಬಿನಲ್ಲಿಡಬೇಡಿ, ಎಲ್ಲವೂ ಒದ್ದೆಯಾಗುತ್ತವೆ.

ಮುಂದೆ ಒಂದು ಯುವಿ ಫಿಲ್ಟರ್ ಇದ್ದರೆ ಒರೆಸುವ ಕೈಗೆ ಭಯವಿರುವುದಿಲ್ಲ. ಉಳಿದ ಕಾಲದಲ್ಲಿ ನಾನು ಅದನ್ನು ಹಾಕುವುದಿಲ್ಲ, ಮಳೆಗಾಲದಲ್ಲಿ ತೆಗೆಯುವುದಿಲ್ಲ.

ಜೋರು ಮಳೆ ಸುರಿಯುತ್ತಿತ್ತು. ಚಿತ್ರದಲ್ಲಿ ಮಳೆಯೇ ಕಾಣುತ್ತಿಲ್ಲ, ಯಾಕೆ?

ಮಳೆಹನಿಗೆ ತನ್ನದೇ ಬಣ್ಣವಿಲ್ಲ. ಬಿಳಿಯ ಆಕಾಶದ ಎದುರು ಅದು ಕರಗಿಹೋಗುತ್ತದೆ. ಅದು ಕಾಣಬೇಕಾದರೆ ಹಿಂದೆ ಕಪ್ಪು ಇರಬೇಕು, ಬೆಳಕು ಹನಿಯ ಹಿಂದಿನಿಂದ ಅಥವಾ ಪಕ್ಕದಿಂದ ಬರಬೇಕು. ಹೆಂಚಿನ ಸೂರಿನ ಕೆಳಗಿನ ಕತ್ತಲು, ದಟ್ಟ ಮರಗಳ ಗುಂಪು, ತೆರೆದ ಕೊಟ್ಟಿಗೆಯ ಒಳಭಾಗ, ಇವೆಲ್ಲ ಒಳ್ಳೆಯ ಹಿನ್ನೆಲೆಗಳು. ಮಳೆ ನಿಲ್ಲುವ ಮುನ್ನ ಪಡುವಣದಲ್ಲಿ ಮೋಡ ಹರಿದು ಬಿಸಿಲು ಇಣುಕುವ ಐದು ನಿಮಿಷವಿದೆಯಲ್ಲ, ಆಗ ಸೂರ್ಯನ ಕಡೆಗೇ ತಿರುಗಿ, ಕಪ್ಪನೆಯ ಹಿನ್ನೆಲೆ ಹುಡುಕಿ. ಒಂದೊಂದು ಹನಿಯೂ ಬೆಳಗುತ್ತದೆ.

ಶಟರ್ ವೇಗ ಎಷ್ಟಿರಬೇಕು?

ಮಳೆಯನ್ನು ಗೆರೆಯಾಗಿ ತೋರಿಸಬೇಕೋ ಹನಿಯಾಗಿ ತೋರಿಸಬೇಕೋ ಎಂಬುದರ ಮೇಲಿದೆ. ಲೆಕ್ಕ ಸುಲಭ. ಒಂದು ಮಿಲಿಮೀಟರ್ ಗಾತ್ರದ ಹನಿ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಬೀಳುತ್ತದೆ. ದಪ್ಪ ಹನಿಗಳು 9 ಮೀಟರಿನವರೆಗೂ ಮುಟ್ಟುತ್ತವೆ. ಶಟರ್ 1/60 ಸೆಕೆಂಡ್ ತೆರೆದಿದ್ದರೆ ಆ ದಪ್ಪ ಹನಿ 15 ಸೆಂಟಿಮೀಟರ್ ಇಳಿದಿರುತ್ತದೆ, ಚಿತ್ರದಲ್ಲಿ ಅದು ಒಂದು ಗೇಣಿಗಿಂತ ಕಡಿಮೆ ಉದ್ದದ ಗೆರೆ. 1/1000 ಇಟ್ಟರೆ ಅದೇ ಹನಿ ಒಂದು ಸೆಂಟಿಮೀಟರ್ ಕೂಡ ಚಲಿಸುವುದಿಲ್ಲ.

1/60ರಿಂದ 1/125ರ ನಡುವೆ ಸುರಿಮಳೆಯ ಭಾವ ಚೆನ್ನಾಗಿ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ನಿಧಾನವಾದರೆ ಗೆರೆಗಳು ತೆಳುವಾಗಿ ಮಾಸುತ್ತವೆ. ಸೂರಿನಿಂದ ತೊಟ್ಟಿಕ್ಕುವ ನೀರು, ಅಂಗಳದಲ್ಲಿ ಸಿಡಿಯುವ ಹನಿ, ಮೈ ಕೊಡವುವ ನಾಯಿ, ಇವಕ್ಕೆ 1/1000 ಅಥವಾ ಅದಕ್ಕೂ ಹೆಚ್ಚು ಬೇಕು. ಅಷ್ಟು ಬೆಳಕು ಮಳೆಗಾಲದ ಮಧ್ಯಾಹ್ನದಲ್ಲೂ ಇರುವುದಿಲ್ಲವಾದ್ದರಿಂದ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200, 6400ಕ್ಕೆ ಏರಿಸಲು ಹಿಂಜರಿಯಬೇಡಿ. ಹೀಗೆ ಏರಿಸಿದಾಗ ಚಿತ್ರದಲ್ಲಿ ಕಾಣುವ ಕಾಳುಕಾಳನ್ನು ಈಗಿನ ಕ್ಯಾಮೆರಾಗಳಲ್ಲಿ ಆಮೇಲೆ ಕಡಿಮೆ ಮಾಡಬಹುದು, ಅಲುಗಿದ ಚಿತ್ರವನ್ನು ಸರಿ ಮಾಡಲಾಗದು.

ಫ್ಲಾಷ್ ಬಳಸಿದಾಗ ಚಿತ್ರದ ತುಂಬ ಬಿಳಿಯ ವೃತ್ತಗಳು ಬರುತ್ತವಲ್ಲ?

ಲೆನ್ಸಿಗೆ ತೀರಾ ಹತ್ತಿರ ಬೀಳುವ ಹನಿಗಳು ಫ್ಲಾಷ್‌ನ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಅವು ಫೋಕಸಿನಲ್ಲಿ ಇಲ್ಲದ್ದರಿಂದ ವೃತ್ತಗಳಾಗುತ್ತವೆ. ಕ್ಯಾಮೆರಾದ ಮೇಲಿನ ಫ್ಲಾಷ್ ಬಿಟ್ಟುಬಿಡಿ. ಬೇರೆ ಫ್ಲಾಷ್ ಇದ್ದರೆ ಮಳೆಯ ಹಿಂದಿನಿಂದ ಬೆಳಕು ಬರುವಂತೆ, ನೀರು ತಾಕದಂತೆ ಸುತ್ತಿ ಇಡಿ.

ಮಂಜು ಬಿಳಿಯಾಗಿ ಬರುವ ಬದಲು ಬೂದುಬಣ್ಣಕ್ಕೆ ಬರುತ್ತದೆ. ಕಾಡು ಮಾತ್ರ ಇದ್ದುದಕ್ಕಿಂತ ಬೆಳ್ಳಗಾಗುತ್ತದೆ.

ಎರಡಕ್ಕೂ ಕಾರಣ ಒಂದೇ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರು ಎಲ್ಲವನ್ನೂ ನಡುಮಟ್ಟದ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಮಂಜಿದ್ದರೆ ಬೆಳಕು ಜಾಸ್ತಿಯಾಯಿತೆಂದು ತಿಳಿದು ಕಡಿಮೆ ಮಾಡುತ್ತದೆ. ಆಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಹೊಂದಿಕೆ) ಅನ್ನು +0.7 ಅಥವಾ +1ಕ್ಕೆ ಏರಿಸಿ. ಕಪ್ಪು ಬಂಡೆ, ನೆನೆದ ಮರದ ಕಾಂಡ, ದಟ್ಟ ಹಸಿರು ತುಂಬಿದ್ದರೆ -0.7ಕ್ಕೆ ಇಳಿಸಿ. ನೆನೆದ ಮರದ ಕಪ್ಪು ಕಪ್ಪಾಗಿಯೇ ಉಳಿದಾಗ ಮಳೆಗಾಲದ ಕಾಡು ಮಳೆಗಾಲದ ಕಾಡಿನಂತೆ ಕಾಣುತ್ತದೆ.

ಬಣ್ಣದ ವಿಷಯವೂ ಇದೆ. ಮೋಡದ ಬೆಳಕು ನೀಲಿಯ ಕಡೆ ವಾಲುತ್ತದೆ. ವೈಟ್ ಬ್ಯಾಲೆನ್ಸನ್ನು ಮೋಡದ ಗುರುತಿಗೆ ಇಡಿ, ಅಥವಾ ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಡತ) ತೆಗೆದು ಮನೆಯಲ್ಲಿ ಕೂತು ಹೊಂದಿಸಿ. ಸಂಜೆಯ ಮಂಜಿನಲ್ಲಿ ಆ ನೀಲಿಯನ್ನು ಹಾಗೆಯೇ ಬಿಡುವುದು ನನಗಿಷ್ಟ.

ಮಳೆಯಲ್ಲಿ ತೊಳೆದ ಹಸಿರು ಕಣ್ಣಿಗೆ ಕಂಡಷ್ಟು ಚಿತ್ರದಲ್ಲಿ ಯಾಕೆ ಬರುವುದಿಲ್ಲ?

ಒದ್ದೆ ಎಲೆಯ ಮೇಲ್ಮೈ ಬಿಳಿಯ ಆಕಾಶವನ್ನು ಪ್ರತಿಫಲಿಸುತ್ತದೆ. ಆ ಬಿಳಿ ಹೊಳಪಿನ ಕೆಳಗೆ ಹಸಿರು ಅಡಗಿಕೊಳ್ಳುತ್ತದೆ. ಮಳೆಗಾಲಕ್ಕೆಂದು ಒಂದೇ ಒಂದು ಫಿಲ್ಟರ್ ಕೊಳ್ಳುವುದಿದ್ದರೆ ಪೋಲರೈಸರ್ ಕೊಳ್ಳಿ. ಮುಂದಿನ ಗಾಜನ್ನು ನಿಧಾನವಾಗಿ ತಿರುಗಿಸುತ್ತಾ ನೋಡಿದರೆ ಒಂದು ಕೋನದಲ್ಲಿ ಎಲೆಯ ಹೊಳಪು ಮಾಯವಾಗಿ ಹಸಿರು ಮೇಲೆದ್ದು ಬರುತ್ತದೆ. ಹೊಳೆಯ ತಳದ ಕಲ್ಲುಗಳೂ ಕಾಣತೊಡಗುತ್ತವೆ. ಇದನ್ನು ಕಂಪ್ಯೂಟರಿನಲ್ಲಿ ಆಮೇಲೆ ಮಾಡಲಾಗುವುದಿಲ್ಲ. ಫಿಲ್ಟರು ಒಂದರಿಂದ ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ಬೆಳಕು ತಿನ್ನುವುದರಿಂದ ಕಾಡಿನೊಳಗೆ ಟ್ರೈಪಾಡ್ ಬೇಕಾಗಬಹುದು.

ಮಳೆ ನಿಂತ ಕೂಡಲೇ ಮನೆಯ ಹಿಂದಿನ ಕೆಸುವಿನ ಎಲೆಯ ಬಳಿ ಹೋಗಿ. ಆ ಎಲೆಗೆ ನೀರು ಅಂಟುವುದಿಲ್ಲ. ಹನಿ ಗುಂಡಗೆ ನಿಂತು, ಎಲೆ ಅಲುಗಿದರೆ ಉರುಳಿ ನಡುವಿನ ಗುಳಿಗೆ ಬಂದು ಸೇರುತ್ತದೆ. ಪುಟ್ಟ ವಸ್ತುಗಳನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸಿನಲ್ಲಿ ನೋಡಿದರೆ ಎಲೆಯ ತುದಿಯಿಂದ ಜೋತ ಹನಿಯೊಳಗೆ ಹಿಂದಿನ ತೋಟವೆಲ್ಲ ತಲೆಕೆಳಗಾಗಿ ನಿಂತಿರುತ್ತದೆ. ಫೋಕಸ್ ಮಾಡಬೇಕಾದ್ದು ಹನಿಯ ಅಂಚಿಗಲ್ಲ, ಒಳಗಿನ ಆ ಪುಟ್ಟ ತೋಟಕ್ಕೆ. ಇವೆರಡು ಬೇರೆ ಬೇರೆ ದೂರದಲ್ಲಿರುತ್ತವೆ. ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಕಿರಿದು ಮಾಡಿ ಎಫ್/8 ಅಥವಾ ಎಫ್/11 ಇಟ್ಟರೂ ಎರಡೂ ಒಟ್ಟಿಗೆ ಸ್ಪಷ್ಟವಾಗುವುದು ಕಷ್ಟ. ಕೈಯಿಂದಲೇ ಫೋಕಸ್ ಮಾಡಿ.

ಮಂಜಿನಲ್ಲಿ ಆಟೊಫೋಕಸ್ ಹಿಂದೆ ಮುಂದೆ ಓಡುತ್ತಲೇ ಇರುತ್ತದೆ.

ಅದಕ್ಕೆ ಹಿಡಿಯಲು ಅಂಚು ಬೇಕು. ಮರದ ಕಾಂಡವೋ ಮನೆಯ ಮೂಲೆಯೋ ಮಂಜಿನ ಎದುರು ಕಪ್ಪಾಗಿ ನಿಂತಿರುವ ಜಾಗಕ್ಕೆ ಫೋಕಸ್ ಬಿಂದುವನ್ನು ಒಯ್ಯಿರಿ. ಅದೂ ಆಗದಿದ್ದರೆ ಮ್ಯಾನುಯಲ್ ಮಾಡಿ, ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡಿ.

ಜೋಗದ ಜಲಪಾತವನ್ನು ಮಳೆಗಾಲದಲ್ಲಿ ಹೇಗೆ ತೆಗೆಯಬೇಕು?

ಮೊದಲು ತಾಳ್ಮೆಯ ಮಾತು. ಜುಲೈಯಲ್ಲಿ ಜೋಗಕ್ಕೆ ಹೋದರೆ ಎದುರಿಗೆ ಬಿಳಿಯ ಪರದೆಯ ಹೊರತು ಏನೂ ಕಾಣದಿರಬಹುದು. ಸದ್ದು ಮಾತ್ರ ಕೇಳಿಸುತ್ತಿರುತ್ತದೆ. ಅಲ್ಲಿಂದ ಹೊರಟುಬಿಡಬೇಡಿ. ಗಾಳಿ ಬೀಸಿದಾಗ ಮಂಜು ಒಂದೆರಡು ನಿಮಿಷ ಸರಿಯುತ್ತದೆ, ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಟ್ಟಿಗೆ ಕಾಣುತ್ತವೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಕ್ಯಾಮೆರಾವನ್ನು ಆ ಎರಡು ನಿಮಿಷಕ್ಕಾಗಿ ಸಿದ್ಧವಾಗಿಟ್ಟು ಕಾಯಬೇಕು. ಪೂರ್ತಿ ತೆರೆದ ನೋಟಕ್ಕಿಂತ ಅರ್ಧ ಮಂಜು ಕವಿದ ನೋಟವೇ 253 ಮೀಟರಿನ ಆಳವನ್ನು ಚೆನ್ನಾಗಿ ಹೇಳುತ್ತದೆ.

ನೀರು ಎಷ್ಟಿದೆ ಎಂಬುದು ಮಳೆಯೊಂದನ್ನೇ ಅವಲಂಬಿಸಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಮೇಲಿದೆ. ಅದರ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಜಲಾಶಯ ತುಂಬುತ್ತ ಬಂದು ಗೇಟು ತೆರೆದಾಗ ಜಲಪಾತದ ರೂಪವೇ ಬದಲಾಗುತ್ತದೆ. ಪತ್ರಿಕೆಗಳಲ್ಲಿ ಜಲಾಶಯದ ಮಟ್ಟ ದಿನವೂ ಬರುತ್ತದೆ, ಅದನ್ನು ನೋಡಿ ಹೊರಡಿ.

ಜಲಪಾತವೆಂದರೆ ಶಟರನ್ನು ಸೆಕೆಂಡುಗಟ್ಟಲೆ ತೆರೆದಿಟ್ಟು ನೀರನ್ನು ರೇಷ್ಮೆ ಮಾಡಬೇಕು ಎಂಬ ರೂಢಿ ಬಂದುಬಿಟ್ಟಿದೆ. ಕಾಡಿನ ಸಣ್ಣ ತೊರೆಗೆ ಅದು ಚೆಂದ, 1/4ರಿಂದ 1 ಸೆಕೆಂಡ್ ಸಾಕು. ತುಂಬಿದ ಶರಾವತಿಗೆ ಅದು ಅನ್ಯಾಯ. ಕೆಂಪು ಮಣ್ಣು ಹೊತ್ತ ಆ ನೀರಿನ ರಭಸ, ಅದರ ಗಂಟು, ಸಿಡಿತ ಎಲ್ಲ ಕಾಣಬೇಕಾದರೆ 1/500 ಇಡಿ.

ಕಾರಿನಿಂದ ಇಳಿದ ತಕ್ಷಣ ಲೆನ್ಸ್ ಮಬ್ಬಾಗುತ್ತದೆ. ಒರೆಸಿದರೆ ಮತ್ತೆ ಮಬ್ಬು.

ಕರಾವಳಿಯವರ ದೊಡ್ಡ ಗೋಳಿದು. ಮಂಗಳೂರಿನ ಗಾಳಿ 30 ಡಿಗ್ರಿ, ತೇವಾಂಶ ಶೇಕಡಾ 80 ಇದ್ದಾಗ, ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕಟ್ಟುತ್ತದೆ. ಎಸಿ ಕಾರಿನಲ್ಲೋ ಕೋಣೆಯಲ್ಲೋ 22 ಡಿಗ್ರಿಗೆ ತಣಿದ ಲೆನ್ಸು ಹೊರಬಂದ ಕೂಡಲೇ ಬೆವರುತ್ತದೆ. ಒರೆಸಿ ಪ್ರಯೋಜನವಿಲ್ಲ, ಗಾಜು ಬೆಚ್ಚಗಾಗುವವರೆಗೂ ಕಟ್ಟುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಲೆನ್ಸ್ ಬದಲಿಸಿದರೆ ಒಳಗಿನ ಸೆನ್ಸರಿನ ಮೇಲೂ ತೇವ ಕೂರುತ್ತದೆ.

ಹೊರಡುವ ಅರ್ಧ ಗಂಟೆ ಮುಂಚೆ ಎಸಿ ಆರಿಸಿ ಕಿಟಕಿ ತೆರೆಯಿರಿ. ಇಲ್ಲವೇ ಕ್ಯಾಮೆರಾವನ್ನು ಒಳಗಿರುವಾಗಲೇ ಜಿಪ್ ಚೀಲಕ್ಕೆ ಹಾಕಿ ಗಾಳಿ ಹೊರಗೆ ಒತ್ತಿ ಮುಚ್ಚಿ, ಹೊರಗೆ ತಂದು ಹಾಗೇ ಅರ್ಧ ಗಂಟೆ ಬಿಡಿ. ನೀರು ಕಟ್ಟುವುದಿದ್ದರೆ ಚೀಲದ ಹೊರಮೈಗೆ ಕಟ್ಟುತ್ತದೆ. ಘಟ್ಟದ ಚಳಿಯಿಂದ ಬಂದು ಬಿಸಿ ಬಿಸಿ ಅಡುಗೆಮನೆಗೆ ನುಗ್ಗುವಾಗಲೂ ಇದೇ ಎಚ್ಚರ ಬೇಕು.

ಕ್ಯಾಮೆರಾ ಪೂರ್ತಿ ನೆನೆದುಹೋಯಿತು. ಅಕ್ಕಿಯಲ್ಲಿ ಹುಗಿದಿಡಲೇ?

ಬೇಡ. ಅಕ್ಕಿಯ ಹಿಟ್ಟಿನಂಥ ದೂಳು ಸಂದುಗಳಿಗೆ ಸೇರುತ್ತದೆ. ಮಳೆಗಾಲದ ಅಕ್ಕಿ ಮೊದಲೇ ತೇವ ಕುಡಿದು ಕೂತಿರುತ್ತದೆ, ಅದು ಇನ್ನೇನು ಹೀರೀತು!

ಮೊದಲು ಸ್ವಿಚ್ ಆರಿಸಿ, ಬ್ಯಾಟರಿ ತೆಗೆಯಿರಿ. ಕೆಲಸ ಮಾಡುತ್ತಿದೆಯೇ ಎಂದು ನೋಡುವ ಆಸೆಗೆ ಮತ್ತೆ ಆನ್ ಮಾಡಬೇಡಿ, ಒದ್ದೆ ಸರ್ಕಿಟಿನಲ್ಲಿ ವಿದ್ಯುತ್ ಹರಿದಾಗಲೇ ಹೆಚ್ಚು ಹಾನಿಯಾಗುವುದು. ಮೈಯನ್ನು ಪಂಚೆಯ ತುಂಡಿನಿಂದ ಒತ್ತಿ ಒರೆಸಿ, ಆಮೇಲೆ ಕಾರ್ಡ್ ತೆಗೆಯಿರಿ, ಬಾಗಿಲುಗಳನ್ನು ತೆರೆದಿಡಿ. ಹೇರ್ ಡ್ರೈಯರ್ ಹಿಡಿಯಬೇಡಿ. ಬಿಸಿಗಾಳಿ ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಫ್ಯಾನಿನ ಕೆಳಗೆ ಕೆಲವು ಗಂಟೆ ಇಟ್ಟು, ಬಳಿಕ ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಗಾಳಿಯಾಡದ ಡಬ್ಬಿಯಲ್ಲಿ ಎರಡು ಮೂರು ದಿನ ಬಿಡಿ. ಬಿದ್ದದ್ದು ಸಮುದ್ರದ ನೀರಾದರೆ ಕಾಯಬೇಡಿ. ಉಪ್ಪು ಒಳಗಿನ ಲೋಹವನ್ನು ಬೇಗ ತಿನ್ನುತ್ತದೆ. ಹೊರಮೈಯನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಅಂದೇ ರಿಪೇರಿಯವರಿಗೆ ಮುಟ್ಟಿಸಿ.

ಲೆನ್ಸಿಗೆ ಫಂಗಸ್ ಹಿಡಿಯುವುದು ಹೇಗೆ? ತಡೆಯುವುದು ಹೇಗೆ?

ಇದು ಮಳೆಗಿಂತ ದೊಡ್ಡ ಶತ್ರು. ಶಿಲೀಂಧ್ರದ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇವೆ, ನಿಮ್ಮ ಹೊಸ ಲೆನ್ಸಿನೊಳಗೂ ಇವೆ. ಅವು ಮೊಳೆಯಲು ಬೇಕಾದದ್ದು ಶೇಕಡಾ 65-70ಕ್ಕಿಂತ ಹೆಚ್ಚಿನ ತೇವಾಂಶ, ಕತ್ತಲೆ, ಅಲುಗದ ಗಾಳಿ, ತಿನ್ನಲು ಒಂದಿಷ್ಟು ದೂಳು ಅಥವಾ ಬೆರಳಿನ ಜಿಡ್ಡು. ಮುಚ್ಚಿದ ಕ್ಯಾಮೆರಾ ಚೀಲ ಇವೆಲ್ಲವನ್ನೂ ಒಟ್ಟಿಗೇ ಒದಗಿಸುತ್ತದೆ. ಚರ್ಮದ ಕೇಸಾದರೆ ಅದೇ ಒಂದು ಆಹಾರ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನ ಮನೆಗಳಲ್ಲಿ ತೇವಾಂಶ ಶೇಕಡಾ 85, 90ರಿಂದ ಕೆಳಗಿಳಿಯದ ದಿನಗಳೇ ಹೆಚ್ಚು. ಬಟ್ಟೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು ಬರುವಾಗ ಲೆನ್ಸಿಗೆ ಬರದೇ ಇದ್ದೀತೇ?

ಈಗಲೇ ಪರೀಕ್ಷಿಸಿ. ಲೆನ್ಸನ್ನು ಕಳಚಿ ಅಪರ್ಚರನ್ನು ಪೂರ್ತಿ ತೆರೆದು, ಕತ್ತಲೆಯ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ದೂಳಿನ ಕಣಗಳು ಬಿಡಿ ಬಿಡಿಯಾಗಿ ಮಿನುಗುತ್ತವೆ, ಅವುಗಳಿಂದ ತೊಂದರೆಯಿಲ್ಲ. ಗಾಜಿನ ಅಂಚಿನಿಂದ ನಡುವಿಗೆ ಕವಲೊಡೆಯುತ್ತ ಬರುವ ನವಿರಾದ ಬಿಳಿ ಎಳೆಗಳು ಕಂಡರೆ ಫಂಗಸ್. ಅದು ಸ್ರವಿಸುವ ಆಮ್ಲ ಗಾಜಿನ ಮೇಲಿನ ಲೇಪವನ್ನೂ ಕಡೆಗೆ ಗಾಜನ್ನೂ ಕೊರೆಯುತ್ತದೆ. ಬೇಗ ಕಂಡುಕೊಂಡರೆ ತಂತ್ರಜ್ಞರು ಬಿಚ್ಚಿ ಒರೆಸಬಲ್ಲರು. ಕೊರೆದ ಮೇಲೆ ಗುರುತು ಹೋಗುವುದಿಲ್ಲ.

ತಡೆಯುವ ಸುಲಭ ದಾರಿ ಕ್ಯಾಮೆರಾವನ್ನು ಬಳಸುತ್ತಿರುವುದು. ಹೊರಗೆ ತೆಗೆದಾಗ ಬೆಳಕು ಬೀಳುತ್ತದೆ, ಗಾಳಿಯಾಡುತ್ತದೆ, ಜೂಮ್ ತಿರುಗಿಸಿದಾಗ ಒಳಗಿನ ಗಾಳಿ ಬದಲಾಗುತ್ತದೆ. ಮನೆಗೆ ಬಂದ ಮೇಲೆ ಎಷ್ಟೇ ದಣಿದಿದ್ದರೂ ಕ್ಯಾಮೆರಾವನ್ನು ನೆನೆದ ಚೀಲದಲ್ಲಿ ಬಿಟ್ಟು ಮಲಗಬೇಡಿ. ಒರೆಸಿ, ಒಂದು ಗಂಟೆ ಫ್ಯಾನಿನ ಕೆಳಗಿಟ್ಟು, ಡಬ್ಬಿಗೆ ಸೇರಿಸಿ. ಕೆಲವರು ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಡುತ್ತಾರೆ. ಬೆಚ್ಚಗಿರುವುದು ನಿಜ, ಆದರೆ ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ.

ಡ್ರೈ ಕ್ಯಾಬಿನೆಟ್ (ತೇವ ನಿಯಂತ್ರಿಸುವ ವಿದ್ಯುತ್ ಕಪಾಟು) ಕೊಳ್ಳುವಷ್ಟು ಹಣವಿಲ್ಲ.

ಎರಡು ಮೂರು ಲೆನ್ಸ್ ಇರುವವರಿಗೆ ಅದು ಅಗತ್ಯವೂ ಅಲ್ಲ. ಮುಚ್ಚಳಕ್ಕೆ ರಬ್ಬರಿನ ಅಂಚಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕಿಲೋ ಸಿಲಿಕಾ ಜೆಲ್, ಒಂದು ಪುಟ್ಟ ತೇವಾಂಶ ಮಾಪಕ, ಇಷ್ಟು ಸಾಕು. ಮಾಪಕ ಶೇಕಡಾ 40ರಿಂದ 50ರ ನಡುವೆ ತೋರಿಸಬೇಕು. ತೀರಾ ಒಣಗಿಸುವುದೂ ಒಳ್ಳೆಯದಲ್ಲ.

ಜೆಲ್ಲಿನ ಬಣ್ಣದ ಮೇಲೆ ಕಣ್ಣಿರಲಿ. ನೀಲಿಯದು ತೇವ ಹೀರಿ ಗುಲಾಬಿಯಾಗುತ್ತದೆ, ಕಿತ್ತಳೆಯದು ಹಸಿರಾಗುತ್ತದೆ. ಆಗ ಅದು ಡಬ್ಬಿಯಲ್ಲಿದ್ದೂ ಇಲ್ಲದಂತೆ. ಓವನ್ನಿನಲ್ಲಿ 110 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮೊದಲಿನ ಬಣ್ಣಕ್ಕೆ ಬರುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುವುದರಿಂದ ಅದಕ್ಕೆ ಅಡುಗೆಗೆ ಬಳಸುವ ಪಾತ್ರೆಯನ್ನಾಗಲಿ ಓವನ್ನನ್ನಾಗಲಿ ಬಳಸಬೇಡಿ. ಮಕ್ಕಳಿರುವ ಮನೆಗೆ ಕಿತ್ತಳೆಯದನ್ನೇ ತನ್ನಿ.

ಮೊಬೈಲಿನಲ್ಲೇ ತೆಗೆದರೆ ಆಗದೇ?

ಆಗುತ್ತದೆ. ಐಪಿ67, 68 ಇರುವ ಫೋನುಗಳು ಮಳೆಯನ್ನು ಎಷ್ಟೋ ಕ್ಯಾಮೆರಾಗಳಿಗಿಂತ ಚೆನ್ನಾಗಿ ತಾಳುತ್ತವೆ. ಆದರೂ ನೀರಿನಿಂದಾದ ಹಾನಿ ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ. ಒದ್ದೆ ಪರದೆ ಬೆರಳಿನ ಮಾತು ಕೇಳದಾಗ ಶಬ್ದ ಏರಿಸುವ ಗುಂಡಿಯನ್ನು ಒತ್ತಿ ಚಿತ್ರ ತೆಗೆಯಿರಿ. ಚಾರ್ಜಿಂಗ್ ಕಿಂಡಿ ಒಣಗುವ ಮುನ್ನ ಚಾರ್ಜಿಗೆ ಹಾಕಬೇಡಿ.

ಮಳೆಗಾಲದಲ್ಲಿ ಯಾವ ಹೊತ್ತು ಒಳ್ಳೆಯದು?

ಜೂನ್ ಎರಡನೆಯ ವಾರದ ಮೃಗಶಿರ ಮಳೆಯಲ್ಲಿ ಕಾಡು ಹೊಸದಾಗಿ ಚಿಗುರುತ್ತಿರುತ್ತದೆ. ಜೂನ್ 22ರ ಸುಮಾರಿಗೆ ಹಿಡಿಯುವ ಆರಿದ್ರಾ ಆರದೇ ಹೊಯ್ಯುತ್ತದೆ ಎಂಬ ಗಾದೆಯೇ ಇದೆ. ಆಗ ಬಿಡುವು ಸಿಗುವುದು ಕಷ್ಟ. ಪುನರ್ವಸು, ಪುಷ್ಯದ ಹೊತ್ತಿಗೆ ತೊರೆಗಳೆಲ್ಲ ತುಂಬಿರುತ್ತವೆ. ಆಗಸ್ಟ್ ಕೊನೆಯಲ್ಲಿ ಮಘೆಯ ಮಳೆಗೆ ಬಿಸಿಲೂ ಸೇರಿ ಬರುತ್ತದೆ, ಮಂಜು ಏಳುತ್ತದೆ, ಕಾಮನಬಿಲ್ಲು ಕಾಣುತ್ತದೆ. ಒಂದೇ ಸಲ ಬರಲು ಸಾಧ್ಯವಿರುವವರಿಗೆ ನಾನು ಹೇಳುವುದು ಈ ದಿನಗಳನ್ನೇ.

ಬೆಂಗಳೂರಿನವರು ಸೆಪ್ಟೆಂಬರಿಗೆ ಕಾಯಲಿ. ಅಲ್ಲಿ ಅತಿ ಹೆಚ್ಚು ಮಳೆ ಬರುವ ತಿಂಗಳು ಅದೇ, ಅದೂ ಸಾಮಾನ್ಯವಾಗಿ ಸಂಜೆ, ರಾತ್ರಿಯಲ್ಲಿ. ಮಳೆ ನಿಂತ ಹತ್ತು ನಿಮಿಷದಲ್ಲಿ ಅಂಗಡಿ ದೀಪಗಳು ನೆಲದಲ್ಲೂ ಉರಿಯುತ್ತವೆ. ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿ ತೆಗೆಯಿರಿ.

ಕಪ್ಪೆಗಳ ಚಿತ್ರ ತೆಗೆಯಲು ಮಳೆಗಾಲವೇ ಸರಿಯಂತೆ?

ಹೌದು, ಬಹಳಷ್ಟು ಕಪ್ಪೆಗಳು ಕೂಗುವುದು, ಕೂಡುವುದು ಆಗಲೇ. ಮಲಬಾರ್ ಹಾರುವ ಕಪ್ಪೆ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಯ ಗೂಡು ಕಟ್ಟುತ್ತದೆ. ತನ್ನ ಮೊಟ್ಟೆಗಳಿಗೆ ಕೈಯಾರೆ ಕೆಸರು ಮೆತ್ತುವ ಕುಂಬಾರ ಕಪ್ಪೆ ವಿಜ್ಞಾನಕ್ಕೆ ಪರಿಚಯವಾದದ್ದು 2014ರಲ್ಲಿ, ನಮ್ಮದೇ ಉತ್ತರ ಕನ್ನಡದ ಕತ್ತಲೆಕಾನಿನಂಥ ಜೌಗು ಕಾಡುಗಳಿಂದ.

ಇಂಥ ಜೀವಿಗಳ ಎದುರು ಚಿತ್ರದ ಆಸೆ ಎರಡನೆಯದಾಗಬೇಕು. ಕಪ್ಪೆಯನ್ನು ಹಿಡಿದು ಚೆಂದದ ಎಲೆಯ ಮೇಲೆ ಕೂರಿಸುವುದು, ಅಡ್ಡವಾದ ಕೊಂಬೆ ಮುರಿಯುವುದು, ಗೂಡಿನ ಬಳಿ ಗುಂಪಾಗಿ ನಿಂತು ಫ್ಲಾಷ್ ಹೊಡೆಯುವುದು, ಇವು ಖಂಡಿತ ಕೂಡದು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ನಿಮ್ಮ ಕೈಗೆ ಹಚ್ಚಿದ ಸೊಳ್ಳೆ ಎಣ್ಣೆ ಅದಕ್ಕೆ ವಿಷ. ಮಂದವಾದ ಟಾರ್ಚಿನಲ್ಲಿ ನಾಲ್ಕು ಚಿತ್ರ ತೆಗೆದು ಹಿಂದೆ ಸರಿಯಿರಿ. ಕಾಲಿಡುವ ಮುನ್ನ ನೆಲ ನೋಡಿ, ಅಲ್ಲಿ ಮೊಟ್ಟೆಗಳಿರಬಹುದು. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಮಿಂಚಿನ ಚಿತ್ರ?

ಗುಡುಗು ಮಿಂಚು ಹೆಚ್ಚಿರುವುದು ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲಿ ಮತ್ತು ಹಿಂಗಾರಿನ ಆರಂಭದಲ್ಲಿ. ಮನೆಯೊಳಗಿನಿಂದ, ಕಿಟಕಿಯ ಹಿಂದೆ ಟ್ರೈಪಾಡ್ ಇಟ್ಟು ಎಫ್/8, ಐಎಸ್‌ಒ 100, 10-20 ಸೆಕೆಂಡ್ ಎಂದು ಹೊಂದಿಸಿ ಒಂದಾದ ಮೇಲೊಂದು ತೆಗೆಯುತ್ತಿರಿ. ಬಯಲಿನಲ್ಲಿ, ಗುಡ್ಡದ ತುದಿಯಲ್ಲಿ, ಮರದ ಕೆಳಗೆ ನಿಂತು ಈ ಕೆಲಸ ಮಾಡಬೇಡಿ. ಗುಡುಗು ಕೇಳಿಸುವಷ್ಟು ದೂರದಲ್ಲಿದ್ದರೂ ಸಿಡಿಲು ನಿಮ್ಮನ್ನು ಮುಟ್ಟಬಲ್ಲದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಬರಬೇಡಿ.

ಜಲಪಾತದ ಬಂಡೆಯ ಮೇಲೆ ಇಳಿದರೆ ಒಳ್ಳೆಯ ಕೋನ ಸಿಗುತ್ತದೆ ಎನ್ನುತ್ತಾರೆ.

ಇಳಿಯಬೇಡಿ. 2023ರ ಜುಲೈಯಲ್ಲಿ ಕೊಲ್ಲೂರು ಸಮೀಪದ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲುಜಾರಿ ನೀರುಪಾಲಾದ. ಪಾಚಿ ಹಿಡಿದ ಬಂಡೆ ಯಾವ ಬೂಟಿಗೂ ಹಿಡಿತ ಕೊಡುವುದಿಲ್ಲ. ನೀವು ನಿಂತಲ್ಲಿ ಮಳೆ ಇಲ್ಲದಿದ್ದರೂ ಮೇಲೆ ಗುಡ್ಡದಲ್ಲಿ ಸುರಿದದ್ದು ಹಳ್ಳದಲ್ಲಿ ಏಕಾಏಕಿ ಏರಿ ಬರುತ್ತದೆ. ಜಿಲ್ಲಾಡಳಿತ ಪ್ರವೇಶ ನಿಷೇಧಿಸಿದ್ದರೆ ಅದನ್ನು ಪಾಲಿಸಿ. ಚಾರ್ಮಾಡಿಯಂಥ ಘಟ್ಟದ ರಸ್ತೆಗಳಲ್ಲಿ ಗುಡ್ಡ ಕುಸಿಯುವುದುಂಟು, ಹೊರಡುವ ದಿನ ಬೆಳಿಗ್ಗೆ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿ. ತಿರುವಿನಲ್ಲಿ ಗಾಡಿ ನಿಲ್ಲಿಸಿ ಚಿತ್ರ ತೆಗೆಯುವವರನ್ನು ಮಂಜಿನಲ್ಲಿ ಬರುವ ಬಸ್ಸಿನ ಚಾಲಕ ಕಾಣಲಾರ.

ಉಂಬಳದ (ಕಾಡಿನ ಜಿಗಣೆಯ) ಕಾಟಕ್ಕೆ ಏನು ಮಾಡುತ್ತೀರಿ?

ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಬಟ್ಟೆಯ ಕಾಲುಚೀಲ ಹಾಕಿ, ಪ್ಯಾಂಟನ್ನು ಅದರೊಳಗೆ ಸೇರಿಸಿ. ಸುಣ್ಣ ಅಥವಾ ಉಪ್ಪು ಕಟ್ಟಿದ ಬಟ್ಟೆಯ ಗಂಟು ಕೈಯಲ್ಲಿದ್ದರೆ ತಾಗಿಸಿದ ಕೂಡಲೇ ಬಿಡುತ್ತದೆ. ಅದೇ ಕೈಯಲ್ಲಿ ಕ್ಯಾಮೆರಾ ಮುಟ್ಟಬೇಡಿ. ಟ್ರೈಪಾಡಿನ ಕಾಲುಗಳನ್ನು ಹತ್ತಿ ಬರುವುದೂ ಉಂಟು, ಮಡಿಸುವಾಗ ನೋಡಿಕೊಳ್ಳಿ.

ನಾಟಿ ಮಾಡುತ್ತಿರುವವರ ಚಿತ್ರ ತೆಗೆಯಬಹುದೇ?

ಕೇಳಿ ತೆಗೆಯಿರಿ. ರಸ್ತೆಯ ಮೇಲೆ ನಿಂತು ದೂರದ ಲೆನ್ಸಿನಿಂದ ಕದ್ದು ತೆಗೆದ ಚಿತ್ರಕ್ಕೂ, ಗದ್ದೆಯ ಹಾಳಿಯ ಮೇಲೆ ಬಂದು ಮಾತಾಡಿಸಿ ತೆಗೆದ ಚಿತ್ರಕ್ಕೂ ಇರುವ ವ್ಯತ್ಯಾಸ ನೋಡಿದವರಿಗೆ ತಿಳಿಯುತ್ತದೆ. ಮಳೆಯಲ್ಲಿ ಬಾಗಿ ದುಡಿಯುವವರಿಗೆ ಅದು ದಿನದ ಕೂಲಿ. "ಅಕ್ಕಾ, ಒಂದು ಫೋಟೊ ತೆಗೆಯಲೇ?" ಎಂದರೆ ಬೇಡ ಎನ್ನುವವರು ಕಡಿಮೆ. ಬೇಡವೆಂದರೆ ಅಲ್ಲಿಗೇ ಬಿಡಿ. ಹಾಳಿಯ ಮೇಲೆ ಹುಷಾರಾಗಿ ನಡೆಯಿರಿ, ಅದು ಕುಸಿದರೆ ಗದ್ದೆಯ ನೀರು ಹೊರಟುಹೋಗುತ್ತದೆ. ಕಂಬಳಿಕೊಪ್ಪೆ, ಗೊರಬು ಹಾಕಿದವರು ಈಗ ಅಪರೂಪ, ಬಣ್ಣ ಬಣ್ಣದ ಪ್ಲಾಸ್ಟಿಕ್ ಹೊದ್ದವರೇ ಹೆಚ್ಚು. ಚಿತ್ರಕ್ಕಾಗಿ ಅದನ್ನು ತೆಗೆದು ಗೊರಬು ಹಾಕಿಕೊಳ್ಳಿ ಎಂದು ಕೇಳಬೇಡಿ. ಹಸಿರು ಸಸಿಮಡಿಯ ನಡುವೆ ಆ ನೀಲಿ, ಹಳದಿ ಪ್ಲಾಸ್ಟಿಕ್ಕುಗಳಿಗೂ ಅವುಗಳದೇ ಚೆಲುವಿದೆ, ಅವು ಈ ಕಾಲದ ಮಳೆಗಾಲವನ್ನು ಇದ್ದಂತೆ ತೋರಿಸುತ್ತವೆ. ತೆಗೆದ ಚಿತ್ರದ ಒಂದು ಪ್ರತಿಯನ್ನು ಅವರಿಗೆ ತಲುಪಿಸಿ. ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೂ ಆಯಿತು, ಅಚ್ಚು ಹಾಕಿಸಿ ಕೊಟ್ಟರೆ ಇನ್ನೂ ಒಳ್ಳೆಯದು.